ಚಿಗರಿ ಆಕಾರದ ಕಾರ್ಡು

ಶನಿವಾರ ನಮ್ಮಲ್ಲಿ ಬೆಳಗಿನ ಶಾಲೆ. ಕೊನೆಯ ಎರಡು ಅವಧಿಗಳನ್ನು ನಾನು ಕೈಕೆಲಸಕ್ಕೆಂದು ಇಟ್ಟುಕೊಂಡಿದ್ದೆ. ಗುತ್ತಲದಿಂದ ಆಚೆ, ಹೊಳೆಯ ಕಡೆಗೆ ಹೋಗುವ ರಸ್ತೆಯಲ್ಲಿರುವ ಸಣ್ಣ ಊರಿನ ಸರಕಾರಿ ಶಾಲೆ ಅದು. ಏಳನೇ ತರಗತಿಯವರೆಗೆ ಇತ್ತು, ಏಳನೆಯದಕ್ಕೆ ನಾನೇ ವರ್ಗ ಶಿಕ್ಷಕಿ. ರಾಣೆಬೆನ್ನೂರಿನಿಂದ ದಿನಾ ಎರಡು ಬಸ್ಸು ಹಿಡಿದು ಹೋಗಿಬರುತ್ತಿದ್ದೆ.

ನನಗೆ ಕತ್ತರಿಯ ಕೆಲಸ ಚೆನ್ನಾಗಿ ಬರುತ್ತದೆ. ಈಗ ಇದನ್ನು ಹೇಳಿಕೊಳ್ಳಲು ಹಿಂಜರಿಕೆಯಾಗುತ್ತದೆ. ಆಗ ಹಾಗಿರಲಿಲ್ಲ, ಕೇಳದವರಿಗೂ ಹೇಳುತ್ತಿದ್ದೆ. ಶುಭಾಶಯದ ಕಾರ್ಡನ್ನು ಅಂಗಡಿಯಿಂದ ತರುವವರನ್ನು ಕಂಡರೆ ನನಗೊಂದು ತಾತ್ಸಾರ. ಬಂಧುಗಳ ಮನೆಯ ಹುಟ್ಟುಹಬ್ಬ, ಗೃಹಪ್ರವೇಶ, ನಿವೃತ್ತಿ, ಎಲ್ಲಕ್ಕೂ ನಾನೇ ಕಾರ್ಡು ಮಾಡುತ್ತಿದ್ದೆ. ಚೌಕ ಕಾರ್ಡು ಯಾರಾದರೂ ಮಾಡುತ್ತಾರೆ. ನನ್ನದು ಕಮಲ, ಚಿಟ್ಟೆ, ಹಣತೆ, ಮಾವಿನಕಾಯಿ, ಮೀನು.

ವಿಧಾನ ಸರಳ. ದಪ್ಪ ಕಾಗದವನ್ನು ಎರಡಾಗಿ ಮಡಚಬೇಕು. ಬಿಡಿಸುವ ಆಕಾರದ ಒಂದು ಅಂಚು ಆ ಮಡಿಕೆಗೆ ತಾಗಿರಬೇಕು. ಉಳಿದ ಸುತ್ತನ್ನೆಲ್ಲ ಕತ್ತರಿಸಿ ಮಡಿಕೆಯನ್ನು ಮಾತ್ರ ಮುಟ್ಟದೆ ಬಿಟ್ಟರೆ, ಪುಸ್ತಕದ ಹಾಗೆ ತೆರೆದು ಮುಚ್ಚುವ ಕಾರ್ಡು ಸಿದ್ಧ. ಶಾಲೆಯಲ್ಲಿ ಬಣ್ಣದ ಹಾಳೆಗಳಿಗೆ ದಾರಿಯಿರಲಿಲ್ಲ. ಮಕ್ಕಳು ಮನೆಯಲ್ಲಿ ಉಳಿದ ಹಳೆಯ ಲಗ್ನಪತ್ರಿಕೆಗಳನ್ನು ತರುತ್ತಿದ್ದರು. ಅವುಗಳ ಖಾಲಿ ಬೆನ್ನು ಗಟ್ಟಿಯಾಗಿ, ಬೆಳ್ಳಗೆ ಇರುತ್ತಿತ್ತು. ಎಷ್ಟೋ ಕಾರ್ಡುಗಳನ್ನು ತೆರೆದರೆ ಒಳಗೊಂದು ಮೂಲೆಯಲ್ಲಿ ಯಾರದೋ ಮದುವೆಯ ಗಣಪತಿ ಅರ್ಧ ಕತ್ತರಿಸಿ ಹೋಗಿ ಕೂತಿರುತ್ತಿದ್ದ.

ಆ ವರ್ಷದ ಡಿಸೆಂಬರಿನಲ್ಲಿ ಹೊಸ ವರ್ಷದ ಕಾರ್ಡು ಮಾಡಿಸುತ್ತಿದ್ದೆ. ಹಾವೇರಿಯಲ್ಲಿ ಜನವರಿ ಮೊದಲ ವಾರ ಮಕ್ಕಳ ಕೈಕೆಲಸಗಳ ಪ್ರದರ್ಶನವಿದೆ, ಒಳ್ಳೆಯವನ್ನು ಆರಿಸಿ ಒಂದು ಹಲಗೆ ತಯಾರು ಮಾಡಿ ತನ್ನಿ ಎಂದು ಮೇಲಿನಿಂದ ಸೂಚನೆ ಬಂದಿತ್ತು. ನನ್ನ ಉತ್ಸಾಹಕ್ಕೆ ಅಷ್ಟು ಸಾಕಾಗಿತ್ತು.

ನಾನು ಹೇಳಬೇಕೆಂದಿರುವ ಹುಡುಗಿ ಏಳನೇ ತರಗತಿಯಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದಳು. ಓದಿನಲ್ಲಿ ಹಿಂದೆ. ಅವಳ ಪಟ್ಟಿಯನ್ನು, ಅಂದರೆ ನೋಟುಬುಕ್ಕನ್ನು, ತಿದ್ದುವುದೆಂದರೆ ನನ್ನ ಕೆಂಪು ಪೆನ್ನಿಗೆ ಸುಗ್ಗಿ. ಒತ್ತಕ್ಷರ ಬಿಟ್ಟುಹೋಗುತ್ತಿದ್ದವು. ಷ ಬರೆಯಬೇಕಾದಲ್ಲಿ ಶ, ಭ ಬರೆಯಬೇಕಾದಲ್ಲಿ ಬ. ನಾನು ಎಲ್ಲರೆದುರು ಓದಿ ಹೇಳಿದಾಗ ಹುಡುಗರು ನಗುತ್ತಿದ್ದರು. ಅವಳೂ ತಲೆ ತಗ್ಗಿಸಿ ಸ್ವಲ್ಪ ನಗುತ್ತಿದ್ದಳು. ಆದರೆ ಕೈಗೆ ಕತ್ತರಿ ಕೊಟ್ಟರೆ ಅವಳೇ ಬೇರೆ. ಗೆರೆ ಎಳೆಯದೆ ನೇರವಾಗಿ ಕಾಗದಕ್ಕೆ ಕತ್ತರಿ ಹಾಕುತ್ತಿದ್ದಳು.

ಉಳಿದವರು ನಾನು ಕೊಟ್ಟ ರಟ್ಟಿನ ಅಚ್ಚು ಇಟ್ಟು ಕಮಲ ಮಾಡುತ್ತಿದ್ದಾಗ ಅವಳು ಚಿಗರಿ ಮಾಡಿದಳು. ರಾಣೆಬೆನ್ನೂರಿನ ಕಡೆಯ ಕುರುಚಲು ಕಾಡಿನಲ್ಲಿ ಓಡಾಡುವ ಕೃಷ್ಣಮೃಗವನ್ನು ನಮ್ಮ ಜನ ಚಿಗರಿ ಎನ್ನುತ್ತಾರೆ. ಮಡಿಕೆ ಅದರ ಬೆನ್ನಾಗಿತ್ತು. ಎರಡು ಪದರಕ್ಕೆ ಎರಡೆರಡು ಕಾಲು. ಸ್ವಲ್ಪ ಅಗಲಿಸಿ ಮೇಜಿನ ಮೇಲಿಟ್ಟರೆ ನಾಲ್ಕು ಕಾಲಿನ ಮೇಲೆ ತಾನೇ ನಿಲ್ಲುತ್ತಿತ್ತು. ಕೊಂಬುಗಳನ್ನು ಬ್ಲೇಡಿನಿಂದ ಸುರುಳಿಯಾಗಿ ಕೊರೆದಿದ್ದಳು. ಬೆನ್ನಿಗೆ ಇದ್ದಿಲು ತಿಕ್ಕಿ ಕಪ್ಪು ಮಾಡಿ ಹೊಟ್ಟೆಯನ್ನು ಬಿಳಿಯಾಗಿಯೇ ಬಿಟ್ಟಿದ್ದಳು. ಅಂಥದನ್ನು ನಾನೂ ಮಾಡಲಾರೆ ಎಂದು ನೋಡಿದ ಕೂಡಲೇ ಗೊತ್ತಾಯಿತು. ಬಾಯಿ ಬಿಟ್ಟು ಹೇಳಲಿಲ್ಲ.

ಡಿಸೆಂಬರಿನ ಕೊನೆಯ ಶನಿವಾರ, ಗಂಟೆ ಬಾರಿಸಿದ ಮೇಲೆ ಎಲ್ಲರೂ ಓಡಿದರು. ಅವಳು ಮಾತ್ರ ಉಳಿದು ಕಾರ್ಡನ್ನು ನನ್ನ ಕೈಗೇ ಕೊಟ್ಟಳು.

"ಟೀಚರ, ಇದು ನಿಮಗ ರಿ. ಒಳಗ ಬರದೇನಿ. ಮನಿಗೆ ಹೋಗಿ ಓದ್ರಿ."

"ಹೂಂ," ಎಂದು ಬ್ಯಾಗಿಗೆ ಹಾಕಿಕೊಂಡೆ. ಬಸ್ಸಿಗೆ ಹೊತ್ತಾಗುತ್ತಿತ್ತು.

ಮರುದಿನ ರವಿವಾರ. ಮಧ್ಯಾಹ್ನ ಊಟ ಮುಗಿಸಿ ಮನೆಯ ನಡುಕೋಣೆಯಲ್ಲಿ ಹಲಗೆ ಹರವಿಕೊಂಡು ಕೂತೆ. ಮೈದಾ ಹಿಟ್ಟಿನ ಅಂಟು ಕುದಿಸಿಕೊಂಡಿದ್ದೆ. ಕಮಲಗಳನ್ನು ಸುತ್ತ ಜೋಡಿಸಿ, ಹಣತೆಗಳನ್ನು ಕೆಳಗೆ ಸಾಲಾಗಿಟ್ಟು, ಚಿಗರಿಯನ್ನು ನಟ್ಟನಡುವೆ ಇಟ್ಟೆ. ಅದು ಹಲಗೆಗೆ ಒಗ್ಗಲಿಲ್ಲ. ಮೇಲಿನ ಪದರ ಎದ್ದು ನಿಲ್ಲುತ್ತಿತ್ತು. ಒತ್ತಿದರೆ ಮತ್ತೆ ಏಳುತ್ತಿತ್ತು. ಒಳಗೆ ಅಂಟು ಹಚ್ಚಿ ಎರಡೂ ಪದರಗಳನ್ನು ಕೂಡಿಸಿಬಿಟ್ಟರೆ ಚಪ್ಪಟೆಯಾಗುತ್ತದೆ ಎಂದುಕೊಂಡು ತೆರೆದೆ.

ಒಳಗೆ ನೀಲಿ ಪೆನ್ನಿನ ಬರಹವಿತ್ತು. ಕಾಗದದ ಅಂಚಿನವರೆಗೂ ತುಂಬಿಸಿ ಬರೆದಿದ್ದಳು. ಮೊದಲ ಸಾಲು ಕಣ್ಣಿಗೆ ಬಿತ್ತು. "ಹೊಸ ವರ್ಶದ ಶುಬಾಶಯಗಳು." ಒಂದೇ ಸಾಲಿನಲ್ಲಿ ಎರಡು ತಪ್ಪು. ಅಲ್ಲಿಗೆ ನನ್ನ ಓದು ನಿಂತಿತು.

ಆಗ ನನ್ನ ಮನಸ್ಸಿಗೆ ಬಂದದ್ದನ್ನು ಇದ್ದ ಹಾಗೆ ಬರೆಯಬೇಕು. ಹಾವೇರಿಯಲ್ಲಿ ಯಾರಾದರೂ ಅಧಿಕಾರಿ ಈ ಕಾರ್ಡನ್ನು ತೆರೆದು ನೋಡಿದರೆ, ಏಳನೇ ತರಗತಿಯ ಮಗುವಿಗೆ ಶುಭಾಶಯ ಎಂದು ಬರೆಯಲು ಬರುವುದಿಲ್ಲ, ಈ ಟೀಚರು ಬರೀ ಕಾಗದ ಕತ್ತರಿಸುವುದನ್ನೇ ಕಲಿಸಿದ್ದಾಳೆ ಎಂದಾರು. ಅಂಟಿಸುವುದು ಎಲ್ಲ ರೀತಿಯಿಂದಲೂ ಒಳ್ಳೆಯದು. ಅಷ್ಟೇ. ಅಕ್ಷರಗಳ ಮೇಲೆಯೇ ಬೆರಳಿನಿಂದ ಅಂಟು ಸವರಿ, ಮುಚ್ಚಿ, ಮೇಲೆ ದಪ್ಪ ನಿಘಂಟು ಹೇರಿಟ್ಟೆ. ಸಂಜೆಯ ಹೊತ್ತಿಗೆ ಚಿಗರಿ ಹಲಗೆಗೆ ಒಪ್ಪವಾಗಿ ಅಂಟಿಕೊಂಡಿತ್ತು.

ಹಾವೇರಿಗೆ ಹೋಗುವಾಗ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗಲು ಅವಕಾಶವಿತ್ತು. ಚೆನ್ನಾಗಿ ಮಾತಾಡುವ ಇಬ್ಬರನ್ನು ಆರಿಸಿದೆ. ಚಿಗರಿ ಮಾಡಿದವಳನ್ನು ಕರೆಯಲಿಲ್ಲ. ಅಧಿಕಾರಿಗಳು ಏನಾದರೂ ಕೇಳಿದರೆ ಅವಳು ಕಾಲ ಹೆಬ್ಬೆರಳು ನೋಡುತ್ತ ನಿಲ್ಲುತ್ತಾಳೆಂಬ ಲೆಕ್ಕ ನನ್ನದು.

ನಮ್ಮ ಹಲಗೆಯ ಮುಂದೆ ಜನ ನಿಂತರು. ಒಬ್ಬ ಹಿರಿಯ ಅಧಿಕಾರಿ ಕನ್ನಡಕ ತೆಗೆದು ಬಗ್ಗಿ ನೋಡಿ, "ಮೇಡಂ, ಈ ಚಿಗರಿ ಈಗ ಜಿಗಿದು ಓಡತೈತಿ ಅನಸಾಕತ್ತೈತಿ," ಎಂದರು. ಇನ್ನೊಂದು ಶಾಲೆಯ ವಯಸ್ಸಾದ ಮಾಸ್ತರರೊಬ್ಬರು ಉಗುರಿನಿಂದ ಅದರ ಹೊಟ್ಟೆಯ ಅಂಚನ್ನು ಎಬ್ಬಿಸಲು ನೋಡಿದರು.

"ಇದು ಕಾರ್ಡಲ್ಲೇನ್ರಿ? ತೆರೆಯಂಗಿಲ್ಲಲ್ಲ?"

"ಅದು ಬರೇ ನೋಡಾಕರಿ ಸರ್," ಎಂದೆ ನಾನು.

ಸಂಜೆ ಒಂದು ಪ್ರಶಂಸಾಪತ್ರ ಕೊಟ್ಟರು. ಅದರ ಮೇಲೆ ನನ್ನ ಹೆಸರಿತ್ತು.

ಮರುದಿನ ಹಲಗೆಯನ್ನು ಶಾಲೆಯ ಆಫೀಸಿನ ಗೋಡೆಗೆ ತೂಗುಹಾಕಿದೆವು. ಅವತ್ತಿನಿಂದ ಹುಡುಗಿ ನನ್ನ ಮೇಜಿನ ಬಳಿ ಸುಳಿಯತೊಡಗಿದಳು. ಡಸ್ಟರ್ ಎತ್ತಿಡುವುದು, ಸೀಮೆಸುಣ್ಣ ಜೋಡಿಸುವುದು, ಏನೋ ನೆವ. ಹೊಗಳಿಕೆಗೆ ಕಾದಿದ್ದಾಳೆ ಎಂದು ನಾನು ತಿಳಿದೆ. ಎರಡನೆಯ ದಿನವೋ ಮೂರನೆಯ ದಿನವೋ ಮೆಲ್ಲಗೆ ಕೇಳಿದಳು.

"ಟೀಚರ, ಕಾರ್ಡ ಓದಿದ್ರೇನ್ರಿ?"

"ಹೂಂ, ಓದಿದೆ. ಭಾಳ ಛಲೋ ಆಗೇತಿ."

ಅವಳು ಇನ್ನೂ ಏನೋ ಬರುತ್ತದೆಂಬಂತೆ ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಹಾಜರಿ ಪುಸ್ತಕ ತೆರೆದೆ. ಅವಳು ತನ್ನ ಜಾಗಕ್ಕೆ ಹೋದಳು.

ಸಂಕ್ರಾಂತಿಯ ರಜೆ ಮುಗಿದು ಶಾಲೆ ಶುರುವಾದಾಗ ಅವಳು ಬರಲಿಲ್ಲ. "ಬ್ಯಾಡಗಿಗೆ ಹೋಗ್ಯಾಳ್ರಿ ಟೀಚರ," ಎಂದು ಪಕ್ಕದ ಹುಡುಗಿ ಹೇಳಿದಳು. ಹಬ್ಬಕ್ಕೆ ನೆಂಟರ ಮನೆಗೆ ಹೋಗಿರಬೇಕು, ಬರುತ್ತಾಳೆ ಎಂದುಕೊಂಡೆ. ವಾರ ಕಳೆಯಿತು. ಮುಖ್ಯೋಪಾಧ್ಯಾಯರು ಕರೆದು, "ಮೇಡಂ, ಆ ಹುಡುಗಿ ಮನಿ ಕಡೆ ಒಮ್ಮೆ ಹೋಗಿ ಬರ್ರಿ, ಏನಾಗೇತೋ ನೋಡೂಣು," ಎಂದರು. "ಹೋಗ್ತೇನ್ರಿ ಸರ್," ಎಂದೆ. ಮುಂದಿನ ವಾರವೂ ಅವರು ಕೇಳಿದರು, ನಾನೂ ಅದನ್ನೇ ಅಂದೆ. ಶಾಲೆ ಬಿಟ್ಟು ಹತ್ತು ನಿಮಿಷಕ್ಕೆ ಗುತ್ತಲದ ಬಸ್ಸು. ಅದು ತಪ್ಪಿದರೆ ರಾಣೆಬೆನ್ನೂರು ಮುಟ್ಟುವುದು ತಡವಾಗುತ್ತಿತ್ತು. ನಾಳೆ ಹೋದರಾಯಿತು ಎನ್ನುತ್ತ ಫೆಬ್ರವರಿ ಮುಗಿಯಿತು. ಮಾರ್ಚಿನಲ್ಲಿ ಪರೀಕ್ಷೆಯ ಗದ್ದಲ. ಆಮೇಲೆ ಮುಖ್ಯೋಪಾಧ್ಯಾಯರೂ ಕೇಳುವುದನ್ನು ಬಿಟ್ಟರು. ಯಾರನ್ನೂ ನಪಾಸು ಮಾಡಬಾರದೆಂಬ ನಿಯಮದಂತೆ ಅವಳಿಗೂ ಏಳನೆಯದು ಮುಗಿದಂತೆ ನಾನೇ ಬರೆದೆ.

ಬೇಸಿಗೆ ರಜೆ ಮುಗಿಯುವ ಎರಡು ದಿನ ಮುಂಚೆ ಶಾಲೆಗೆ ಸುಣ್ಣ ಬಳಿಸುವುದಿತ್ತು. ಆಫೀಸಿನ ಗೋಡೆಯ ಸಾಮಾನು ಇಳಿಸಲು ನಾನೇ ನಿಂತೆ. ಹಲಗೆಯನ್ನು ಕೆಳಗಿಳಿಸಿದಾಗ ಹಿಂದಿನಿಂದ ಜಿರಲೆಗಳು ಚೆಲ್ಲಾಪಿಲ್ಲಿಯಾದವು. ಮೈದಾ ಅಂಟಿಗೆ ಒಂದು ಚಿಟಿಕೆ ಮೈಲುತುತ್ತ ಹಾಕಿ ಕುದಿಸಿದರೆ ಹುಳ ಮುಟ್ಟುವುದಿಲ್ಲ. ಅವತ್ತು ನಾನು ಹಾಕುವುದನ್ನು ಮರೆತಿದ್ದೆ. ಕಮಲಗಳ ಅಂಚು ತಿಂದುಹೋಗಿತ್ತು. ಚಿಗರಿಯನ್ನಾದರೂ ಉಳಿಸಿಕೊಳ್ಳೋಣ ಎಂದು ಕಿತ್ತು ಕೈಗೆತ್ತಿಕೊಂಡೆ. ಅಂಟನ್ನೆಲ್ಲ ಹುಳ ತಿಂದಿದ್ದರಿಂದ ಅದು ಕೈಯಲ್ಲೇ ಬಿಚ್ಚಿಕೊಂಡಿತು.

ಅಕ್ಷರಗಳು ಅಲ್ಲಲ್ಲಿ ಮಾಸಿದ್ದವು. ಆದರೂ ಓದಲು ಬರುತ್ತಿತ್ತು.

"ಹೊಸ ವರ್ಶದ ಶುಬಾಶಯಗಳು. ಟೀಚರ ಸಂಕ್ರಾಂತಿ ಆದಮೇಲೆ ನನ್ನನ್ನು ಬ್ಯಾಡಗಿಗೆ ಕಳಿಸುತ್ತಾರೆ. ಅಕ್ಕನ ಕೂಸು ಹಿಡಿಯಲಿಕ್ಕೆ. ಅಕ್ಕ ಮೆಣಸಿನಕಾಯಿ ಕೆಲಸಕ್ಕೆ ಹೋಗುತ್ತಾಳೆ. ನನಗೆ ಹೋಗಲಿಕ್ಕೆ ಮನಸಿಲ್ಲ. ನಾನು ಎಂಟನೆತ್ತೆ ಓದಬೇಕು. ನೀವು ನಮ್ಮ ಮನಿಗೆ ಬಂದು ಅವ್ವಗ ಒಂದು ಮಾತು ಹೇಳಿರಿ. ನಿಮ್ಮ ಮಾತು ಕೇಳುತ್ತಾಳೆ. ನಾನು ಹೇಳಿದೆ ಅಂತ ಹೇಳಬೇಡಿರಿ. ನಮ್ಮ ಮನಿ ಗುಡಿ ಹಿಂದ ಐತಿ. ಬಸ್ ಸ್ಟಾಪಿಗೆ ಸನೇದ. ನಿಮ್ಮ ಬಸ್ ತಪ್ಪಂಗಿಲ್ಲ."

ಸುಣ್ಣ ಬಳಿಯುವವನು, "ಅಕ್ಕೋರ, ಸ್ವಲ್ಪ ಈಚಿ ಸರೀರಿ," ಎಂದ. ನಾನು ಸರಿದು ಹೊರಗೆ ಬಂದೆ. ನೀರಿನ ನಳದ ಬಳಿ ನಿಂತು ಇನ್ನೊಮ್ಮೆ ಓದಿದೆ. ಮುಖ ಬಿಸಿಯಾಗಿತ್ತು. ಸುತ್ತ ಯಾರೂ ಇರಲಿಲ್ಲ, ಆದರೂ ಯಾರೋ ನೋಡುತ್ತಿದ್ದಾರೆ ಅನಿಸಿ ಕಾರ್ಡನ್ನು ಸೆರಗಿನಡಿ ಮುಚ್ಚಿಕೊಂಡೆ.

ಗುಡಿಯ ಹಿಂದಿನ ಮನೆಗೆ ನಡೆದುಹೋದೆ. ಬಸ್ ಸ್ಟಾಪಿನಿಂದ ಐದು ನಿಮಿಷವೂ ಹಿಡಿಯಲಿಲ್ಲ. ಅವಳ ತಾಯಿ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದವಳು ಗಡಬಡಿಸಿ ಎದ್ದು ಚಾಪೆ ಹಾಸಿದಳು.

"ಬರ್ರಿ ಅಕ್ಕೋರ. ಕುಂದರ್ರಿ. ಚಾ ಮಾಡ್ತೇನಿ."

"ಚಾ ಬ್ಯಾಡವಾ. ನಿನ್ನ ಮಗಳ ಸುದ್ದಿ ಕೇಳಾಕ ಬಂದೆ. ಸಾಲಿ ಯಾಕ ಬಿಡಿಸಿದಿ?"

ಅವಳು ಕಾಳಿನ ಮೊರವನ್ನು ಬದಿಗೆ ಸರಿಸಿದಳು. ಆಮೇಲೆ, "ಹಿರೇ ಮಗಳು ಬ್ಯಾಡಗಿಯಾಗ ಕಾಯಿ ತೊಟ್ಟ ಬಿಡಸಾಕ ಹೋಗತಾಳ್ರಿ. ಕೂಸಿನ್ನ ನೋಡೋರ ಇರಲಿಲ್ಲ. ಎರಡ ತಿಂಗಳಾ ಅಂತ ಕಳಿಸಿದೆ. ನೀವ್ಯಾರರ ಕೇಳಾಕ ಬರ್ತೀರೇನೋ ಅಂತ ದಾರಿ ನೋಡಿದೆ ಖರೇ. ಯಾರೂ ಬರಲಿಲ್ಲ. ಓದಿನ್ಯಾಗ ಅಕಿ ಶ್ಯಾಣ್ಯಾಕಿ ಇರಲಿಕ್ಕಿಲ್ಲ, ಅದಕ್ಕ ಸಾಲಿಯವರೂ ಸುಮ್ಮನಾಗ್ಯಾರ ಅನಕೊಂಡೆ," ಎಂದಳು.

"ನಾ ಬಂದು ಬ್ಯಾಡ ಅಂದಿದ್ರ?"

"ಹೆಂಗ ಕಳಸ್ತಿದ್ನ್ರಿ? ನೀವ ಹೇಳಿದ ಮ್ಯಾಲೆ!"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಅದರಿಂದ ಇನ್ನೂ ಕಷ್ಟವಾಯಿತು. ಕಾರ್ಡು ನನ್ನ ಬ್ಯಾಗಿನಲ್ಲೇ ಇತ್ತು, ತೋರಿಸಲಿಲ್ಲ. ನಾನು ಹೇಳಿದೆ ಅಂತ ಹೇಳಬೇಡಿರಿ ಎಂದು ಅವಳೇ ಬರೆದಿದ್ದಾಳಲ್ಲ ಎಂದು ನೆಪ ಹೇಳಿಕೊಂಡೆ. ಹಿರಿಮಗಳ ಮನೆ ಎಲ್ಲಿ ಎಂದು ಕೇಳಿಕೊಂಡು ಎದ್ದೆ.

ಮರುದಿನವೇ ಬ್ಯಾಡಗಿಗೆ ಹೋದೆ. ಬಸ್ಸಿನಿಂದಿಳಿದು ಮಾರ್ಕೆಟಿನ ಕಡೆಗೆ ನಡೆದ ಹಾಗೆ ಘಾಟು ಮೂಗಿಗೆ ಅಡರಿತು. ಕಣ್ಣಲ್ಲಿ ನೀರು, ಒಂದರ ಹಿಂದೊಂದು ಸೀನು. ಚೀಲ ಹೊತ್ತುಕೊಂಡಿದ್ದ ಹಮಾಲನೊಬ್ಬ ನನ್ನನ್ನು ನೋಡಿ ನಕ್ಕು, ಕೇಳಿದ ದಾರಿ ತೋರಿಸಿದ. ಒಂದು ಕೋಲ್ಡ್ ಸ್ಟೋರೇಜಿನ ಹಿಂದೆ ತಗಡು ಹೊದಿಸಿದ ಮನೆಗಳ ಸಾಲು. ಎದುರಿನ ಬೇವಿನ ನೆರಳಲ್ಲಿ ಕೆಂಪು ರಾಶಿಯ ಸುತ್ತ ಹೆಂಗಸರು ತಲೆಗೆ, ಮೂಗಿಗೆ ಬಟ್ಟೆ ಸುತ್ತಿಕೊಂಡು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಸ್ವಲ್ಪ ದೂರದಲ್ಲಿ ಕೂಸನ್ನು ಟೊಂಕದ ಮೇಲೆ ಕೂರಿಸಿಕೊಂಡು ಅವಳು ನಿಂತಿದ್ದಳು. ಐದು ತಿಂಗಳಲ್ಲಿ ಉದ್ದವಾಗಿದ್ದಳು.

"ಟೀಚರ! ನೀವೇನ್ರಿ ಇಲ್ಲೆ?"

ಓಡಿಬಂದಳು. ಆ ಸಂತೋಷವನ್ನು ಎದುರಿಸುವ ತಯಾರಿ ನನಗಿರಲಿಲ್ಲ. ಬಸ್ಸಿನಲ್ಲಿ ಅವಳ ಸಿಟ್ಟಿಗೆ, ಅಳುವಿಗೆ ಮಾತು ಜೋಡಿಸಿಕೊಂಡು ಬಂದಿದ್ದೆ.

"ಸೀನ ಬರಾಕತ್ತಾವೇನ್ರಿ? ಮದಲ ನನಗೂ ಹಂಗ ಆಗ್ತಿತ್ರಿ. ಈಗ ರೂಢಿ ಆಗೇತಿ," ಎಂದು ಒಳಗೆ ಹೋಗಿ ನೀರು ತಂದು ಕೊಟ್ಟಳು.

ನೀರು ಕುಡಿದು ಹೇಗೋ ಬಾಯಿ ಬಿಟ್ಟೆ. "ಕಾರ್ಡಿನ್ಯಾಗ ನೀ ಬರದಿದ್ದೆಲ್ಲವಾ…"

"ಹೂಂನ್ರಿ. ನೀವು ಓದೇನಿ ಅಂದಿದ್ರೆಲ್ರಿ. ನೀವ ಬರ್ತೀರಂತ ನಾಕ ದಿನಾ ಗುಡಿ ಕಟ್ಟಿ ಮ್ಯಾಲ ಕುಂತಿದ್ದೆ." ಕೂಸಿನ ಮೂಗು ಒರೆಸುತ್ತ ಮುಂದುವರಿಸಿದಳು. "ಆಮ್ಯಾಲೆ ನಾನ ತಿಳಕೊಂಡೆ. ನಿಮಗ ಬಸ್ಸಿನ ಅವಸರ ಇರತೈತಲ್ರಿ. ಅದ ತಪ್ಪಿದ್ರ ಮನಿ ಮುಟ್ಟೂದು ಭಾಳ ಹೊತ್ತಾಗತೈತಿ."

ನನಗಾಗಿ ಅವಳು ಒಂದು ಕಾರಣವನ್ನು ಹುಡುಕಿ, ಐದು ತಿಂಗಳು ಜೋಪಾನ ಮಾಡಿ ಇಟ್ಟಿದ್ದಳು. ಈಗ ಅದನ್ನು ನನ್ನ ಕೈಗಿಡುತ್ತಿದ್ದಳು.

"ಹೌದವಾ," ಎಂದೆ. "ಬಸ್ಸಿಂದ ದೊಡ್ಡ ತ್ರಾಸು."

ಹೌದು, ಹಾಗೆಂದೆ. ಓದಿಯೂ ಬರಲಾಗದ ಟೀಚರು ಆಗುವುದು, ಓದದೆಯೇ ಅಂಟಿಸಿದ ಟೀಚರು ಆಗುವುದಕ್ಕಿಂತ ಮೇಲು ಎಂದು ಆ ಕ್ಷಣದಲ್ಲಿ ನನಗೆ ಕಂಡಿತು.

ಅಷ್ಟರಲ್ಲಿ ನೆರಳಿನಿಂದ ಒಬ್ಬ ಮುದುಕಿ ಎದ್ದು ಬಂದು ಕೂಸನ್ನು ಎತ್ತಿಕೊಂಡಳು. ಪಕ್ಕದ ಮನೆಯವಳಂತೆ. ಓಣಿಯಲ್ಲಿ ಎಲ್ಲರೂ ಅವಳನ್ನು ಖಾಲಾ ಎನ್ನುತ್ತಿದ್ದರು.

"ನೀವ ಏನ್ರಿ ಇವಳ ಅಕ್ಕೋರು? ಛಲೋ ಆತು ಬಂದಿದ್ದು. ಇಲ್ಲಿ ಹೈಸ್ಕೂಲಿನ್ಯಾಗ ಕೇಳಿ ಬಂದೀವಿ. ಹಳೇ ಸಾಲಿಂದು ಅದೇನೋ ಕಾಗದ ಬೇಕಂತ."

ಟೀಸಿ ಎಂದು ಹುಡುಗಿ ಹೇಳಿಕೊಟ್ಟಳು. ಖಾಲಾಳ ಮಾತಿನಿಂದ ನನಗೆ ವಿಷಯ ತಿಳಿಯಿತು. ಹುಡುಗಿ ಓಣಿಯ ಮಕ್ಕಳಿಗೆಲ್ಲ ಕಾಗದದಲ್ಲಿ ಕೋಳಿ, ಕುರಿ ಕತ್ತರಿಸಿ ಕೊಡುತ್ತಿದ್ದಳಂತೆ. ಒಂದು ದಿನ ಅದನ್ನು ನೋಡುತ್ತ ಕೂತಿದ್ದ ಖಾಲಾ, ಸಾಲಿಗೆ ಹೋಗಬೇಕು ಅನಸ್ತೈತೇನು ಬೇಟಿ ಎಂದು ಕೇಳಿದಳಂತೆ. "ಅಷ್ಟ ಕೇಳಿದ್ದಕ್ಕ ಅತ್ತ ಬಿಟ್ಲು ನೋಡ್ರಿ. ನನಗ ಹೆಂಗೂ ಕಣ್ಣ ಮಂಜಾಗ್ಯಾವ, ಕಾಯಿ ಕೆಲಸ ಆಗಂಗಿಲ್ಲ. ಕೂಸು ನಾ ಹಿಡೀತೀನಿ, ಹುಡುಗೀನ ಸಾಲಿಗೆ ಹಾಕು ಅಂತ ಅವರಕ್ಕಗ ಬೈದು ಹೇಳಿದೆ."

"ಖಾಲಾಗ ಓದಾಕ ಬರಂಗಿಲ್ರಿ ಟೀಚರ," ಎಂದಳು ಹುಡುಗಿ ನಗುತ್ತ. "ಆದ್ರ ಹೈಸ್ಕೂಲಿಗೆ ಹೋಗಿ ದೊಡ್ಡ ಸರ್ ಮುಂದ ತಾನ ಮಾತಾಡ್ಯಾಳ."

ಟೀಸಿ ನಾನೇ ತಂದುಕೊಡುತ್ತೇನೆಂದು ಹೇಳಿ ಹೊರಟೆ. ಹುಡುಗಿ ಬಸ್ ಸ್ಟ್ಯಾಂಡಿನವರೆಗೆ ಬಂದು ನನಗೆ ಕಿಟಕಿಯ ಪಕ್ಕ ಜಾಗ ಹಿಡಿದು ಕೊಟ್ಟಳು. ಬಸ್ಸು ಹೊರಟ ಮೇಲೂ ಕೈ ಬೀಸುತ್ತಿದ್ದಳು. ನನ್ನ ಕಣ್ಣೀರು ಕಂಡು ಪಕ್ಕದ ಹೆಂಗಸು, "ಬ್ಯಾಡಗಿ ಘಾಟ ಹಂಗ ರಿ," ಎಂದು ಸಮಾಧಾನ ಹೇಳಿದಳು. ನಾನು ತಲೆಯಾಡಿಸಿದೆ. ಅವತ್ತು ಎಲ್ಲರೂ ನನಗೆ ಒಂದೊಂದು ನೆಪವನ್ನು ಎತ್ತಿ ಕೊಡುತ್ತಿದ್ದರು, ನಾನು ಎಲ್ಲವನ್ನೂ ತೆಗೆದುಕೊಳ್ಳುತ್ತಿದ್ದೆ.

ಟೀಸಿಗೆ ತಾಯಿಯ ಅರ್ಜಿ ಬರೆಸಿ, ಮುಖ್ಯೋಪಾಧ್ಯಾಯರ ಸಹಿ ಪಡೆಯಲು ಒಂದು ವಾರ ಹಿಡಿಯಿತು. ಸಹಿ ಮಾಡುವಾಗ ಅವರು, "ಪಾಪ, ಹುಡುಗಿ ಬೆನ್ನ ಹತ್ತಿ ಬ್ಯಾಡಗಿ ತನಕಾ ಹೋಗೀರಿ ಮೇಡಂ. ಯಾರ ಮಾಡ್ತಾರ್ರಿ ಇಷ್ಟು?" ಎಂದರು. ಆ ಮಾತು ಕೇಳಿದ ಮೇಲೆ ಇನ್ನು ಸುಮ್ಮನಿರುವುದು ಆಗಲಿಲ್ಲ. ಅವರಿಗೆ ಏನೂ ಹೇಳಲಿಲ್ಲ. ಹೇಳಬೇಕಾದ್ದು ಅವರಿಗಲ್ಲ.

ಎರಡನೆಯ ಸಲ ಹೋದಾಗ ಟೀಸಿಯ ಜೊತೆ ಕಾರ್ಡನ್ನೂ ತೆಗೆದುಕೊಂಡು ಹೋದೆ. ಹುಡುಗಿ ಮನೆಯ ಮುಂದೆ ಅರಿವೆ ಒಣಹಾಕುತ್ತಿದ್ದಳು. ಕೂಸು ಖಾಲಾಳ ಬಳಿ ಇತ್ತು. ಟೀಸಿಯನ್ನು ಕೈಗೆ ಕೊಟ್ಟೆ. ಆಮೇಲೆ ಕಾರ್ಡು ತೆಗೆದೆ.

"ನಾ ನಿನಗ ಸುಳ್ಳ ಹೇಳೇನವಾ. ಇದನ್ನ ನಾ ಓದಿರಲಿಲ್ಲ. ಒಂದ ಸಾಲ ಓದಿ, ಹಾವೇರಿಗೆ ಒಯ್ಯಾಕ ಅಂಟಿಸಿಬಿಟ್ಟಿದ್ದೆ. ಹೋದ ವಾರ ಓದಿದ್ದು. ಬಸ್ಸಿಂದೇನೂ ಅಲ್ಲ. ತಪ್ಪ ನಂದು."

ಅವಳು ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಕಾರ್ಡು ಇಸಿದುಕೊಂಡಳು. ತೆರೆದಳು. ಒಣಗಿದ ಅಂಟಿನ ಕಲೆಯ ಮೇಲೆ ಬೆರಳಾಡಿಸಿದಳು. ತುಂಬಾ ಹೊತ್ತು ಮೊದಲ ಸಾಲನ್ನೇ ನೋಡಿದಳು.

"ಶುಭಾಶಯ ತಪ್ಪ ಬರದೇನಲ್ರಿ ಇದರಾಗ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು.

"ಅದಕ್ಕ ಅಂಟಿಸಿದ್ರೇನ್ರಿ?"

ಇಲ್ಲ ಎನ್ನಬಹುದಿತ್ತು. ಚಪ್ಪಟೆಯಾಗಲೆಂದು ಅಂಟಿಸಿದೆ ಎಂದರೆ ಅದೂ ಪೂರ್ತಿ ಸುಳ್ಳಾಗುತ್ತಿರಲಿಲ್ಲ. "ಹೂಂ," ಎಂದೆ. "ದೊಡ್ಡ ಸಾಹೇಬರು ನೋಡಿದ್ರ ನನಗ ಅಂತಾರ ಅಂತ."

ಅವಳ ಕಿವಿಗಳು ಕೆಂಪಾದವು. ತರಗತಿಯಲ್ಲಿ ಅವಳ ತಪ್ಪುಗಳನ್ನು ಓದಿ ಹೇಳುವಾಗ ಆಗುತ್ತಿದ್ದ ಹಾಗೆಯೇ. ಅಲ್ಲಿ ನಾಚಿಕೆಪಡಬೇಕಾದವಳು ನಾನು, ಪಡುತ್ತಿದ್ದವಳು ಅವಳು. ಮತ್ತೊಮ್ಮೆ ಅವಳ ಮೇಲೆಯೇ ಅದನ್ನು ಹೊರಿಸಿದ್ದೆ. ನಿಜ ಹೇಳಿ ಹಗುರಾಗಲು ಬಂದವಳು ಅವಳನ್ನು ಇಷ್ಟು ಕುಗ್ಗಿಸಬೇಕಾಗಿತ್ತೇ ಎಂದು ಇಂದಿಗೂ ನನಗೆ ತಿಳಿಯದು.

ಅವಳು ಕಾರ್ಡನ್ನು ಮಡಚಿ ನನಗೆ ವಾಪಸು ಚಾಚಿದಳು.

"ಇದು ನಿಮಗ ಕೊಟ್ಟಿದ್ದಲ್ರಿ. ನೀವ ಇಟ್ಕೋರ್ರಿ." ಆಮೇಲೆ ಟೀಸಿಯನ್ನು ಹೊರಳಿಸಿ ನೋಡಿ, "ಸರ್ ಸಹಿ ಆಗೇತೇನ್ರಿ ಇದಕ್ಕ?" ಎಂದು ಕೇಳಿದಳು. ಆಗೇತಿ ಎಂದೆ. ಅದನ್ನು ಒಳಗಿನ ಟ್ರಂಕಿನಲ್ಲಿ ಇಟ್ಟುಬಂದು ಉಳಿದ ಅರಿವೆಗಳನ್ನು ಒಣಹಾಕತೊಡಗಿದಳು. ಬಸ್ ಸ್ಟ್ಯಾಂಡಿಗೆ ನಾನೊಬ್ಬಳೇ ನಡೆದೆ.

ಅವಳು ಹೈಸ್ಕೂಲಿಗೆ ಸೇರಿದಳೆಂದು ತಾಯಿಯಿಂದ ತಿಳಿಯಿತು. ಅದರಲ್ಲಿ ನನ್ನ ಪಾಲು ಒಂದು ಕಾಗದ ಮುಟ್ಟಿಸಿದ್ದು ಮಾತ್ರ. ಮುಂದೆಯೂ ನಾನು ಶನಿವಾರ ಕಾರ್ಡು ಮಾಡಿಸಿದೆ. ಮಕ್ಕಳು ಕೇಳುತ್ತಿದ್ದರು, ಬಿಡಲಾಗಲಿಲ್ಲ. ಎಲ್ಲರೆದುರು ಪಟ್ಟಿ ಓದಿ ತಪ್ಪು ಎತ್ತಿ ಹೇಳುವುದನ್ನು ಮಾತ್ರ ಬಿಟ್ಟೆ. ಹೊರಗಿನ ಪ್ರದರ್ಶನಕ್ಕೆ ಕರೆ ಬಂದಾಗ ಎರಡು ಸಲ ಬೇರೆಯವರನ್ನು ಕಳಿಸಿದೆ. ಇದರಿಂದ ಯಾರಿಗೂ ಏನೂ ಆದದ್ದಿಲ್ಲ.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಹಾವೇರಿಯ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಕಂಡೆ. ಖೋಖೋ ಆಟಕ್ಕೆ ಬಂದ ಹುಡುಗಿಯರ ಗುಂಪು. ಎಲ್ಲರ ಮೊಣಕಾಲಿಗೂ ಕೆಮ್ಮಣ್ಣು. ಅವಳೇ ಮೊದಲು ನನ್ನನ್ನು ನೋಡಿದಳು. ಮುಖ ತಿರುಗಿಸಿಕೊಂಡು ಹೋಗಬಹುದಿತ್ತು. ಹಾಗೆ ಮಾಡದೆ ಬಂದು ಕೈ ಮುಗಿದಳು.

"ಆರಾಮ ಅದೀರೇನ್ರಿ ಟೀಚರ?"

"ಆರಾಮ ಅದೇನವಾ. ನೀ ಹೆಂಗ ಅದೀ? ಅಕ್ಕನ ಕೂಸು?"

"ಈಗ ಓಡ್ಯಾಡತೈತ್ರಿ. ಖಾಲಾ ಕೈಗೆ ಸಿಗವಲ್ದು. ಅಕಿ ಕಣ್ಣಿಂದು ಆಪರೇಶನ್ ಆತ್ರಿ, ಈಗ ಛಲೋ ಕಾಣಸ್ತೈತಿ."

"ಆಟ ಗೆದ್ರೇನ?"

"ಸೋತ್ವಿ ರಿ. ಮೂರ ಪಾಯಿಂಟಿಗೆ." ಅದನ್ನು ಹೇಳುವಾಗ ಅವಳಿಗೆ ನಿಜವಾದ ಸಂಕಟವಿತ್ತು. ಕೊನೆಯ ಸರದಿಯಲ್ಲಿ ಯಾರು ಹೇಗೆ ಎಡವಿದರು, ಪಂಚರು ಎಲ್ಲಿ ತಪ್ಪು ಕೊಟ್ಟರು ಎಂದು ಕೈ ಬೀಸಿ ಬೀಸಿ ವಿವರಿಸಿದಳು. ತರಗತಿಯಲ್ಲಿ ಅವಳು ನನ್ನ ಮುಂದೆ ಇಷ್ಟು ಉದ್ದಕ್ಕೆ ಎಂದೂ ಮಾತಾಡಿರಲಿಲ್ಲ.

ನನಗೆ ಮತ್ತೊಮ್ಮೆ ತಪ್ಪಾಯಿತವಾ ಎನ್ನಬೇಕೆನಿಸಿತು. ನಾಲಿಗೆಯ ತುದಿಗೆ ಬಂದಿತ್ತು. ಅಂದರೆ ಅವಳು ಪಕ್ಕದ ಗೆಳತಿಯರ ಮುಂದೆ ಇಲ್ಲರಿ, ಇರಲಿ ಬಿಡ್ರಿ ಎನ್ನಬೇಕಾಗುತ್ತದೆ. ನನ್ನ ಸಮಾಧಾನಕ್ಕಾಗಿ ಅವಳಿಗೆ ಇನ್ನೊಂದು ಕೆಲಸ. ನುಂಗಿಕೊಂಡೆ. ಅವರ ಸರ್ ದೂರದಿಂದ ಶಿಳ್ಳೆ ಊದಿದರು, ಬ್ಯಾಡಗಿಯ ಬಸ್ಸು ಬಂದಿತ್ತು.

"ಹೋಗಿ ಬರ್ತೇನ್ರಿ ಟೀಚರ," ಎಂದು ಚೀಲ ಹೆಗಲಿಗೇರಿಸಿ ಓಡಿದಳು. ಹುಡುಗಿಯರು ನೂಕಾಡುತ್ತ ಹತ್ತಿದರು. ಒಳಗೆ ಅವಳಿಗೆ ಕಿಟಕಿ ಸಿಕ್ಕಿತೋ ಇಲ್ಲವೋ, ನನಗೆ ಕಾಣಲಿಲ್ಲ. ಬಸ್ಸು ತಿರುಗಿ ಹೋದ ಮೇಲೆ ರಾಣೆಬೆನ್ನೂರಿನ ಬಸ್ಸು ಎಲ್ಲಿ ನಿಲ್ಲುತ್ತದೆಂದು ಒಬ್ಬರನ್ನು ಕೇಳಿದೆ. ಎಷ್ಟೋ ಸಲ ಬಂದುಹೋದ ಸ್ಟ್ಯಾಂಡು ಅದು, ಆದರೂ ಆ ಗಳಿಗೆಗೆ ನೆನಪಾಗದೆ ಕೇಳಿದೆ.